ಪಿಟ್‌ಬುಲ್, ರಾಟ್‌ವೀಲರ್ ಮತ್ತು ನಮ್ಮ ಮನೆ: ನಾಯಿ ತಳಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ ಹತ್ತಿರದ ಡೊಂಬಿವ್ಲಿಯಲ್ಲಿ ಪಶುವೈದ್ಯೆಯಾಗಿ ಇಪ್ಪತ್ತೆರಡು ವರ್ಷವಾಯಿತು. ಪರೀಕ್ಷೆಯ ಮೇಜಿನ ಮೇಲೆ ನಾಯಿ ನಿಂತಿರುವಾಗ ಕೇಳಿದ ಪ್ರಶ್ನೆಗಳು, ಮಾಟುಂಗದ ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತಾಗ ಕೇಳಿದವು, ಪುಣೆ ಮತ್ತು ವಾಸ್ಕೊದ ಕನ್ನಡದವರು ಫೋನಿನಲ್ಲೂ ಕಾಗದದಲ್ಲೂ ಕೇಳಿದವು, ಎಲ್ಲವನ್ನೂ ಸೇರಿಸಿ ಇಲ್ಲಿ ಇಟ್ಟಿದ್ದೇನೆ. ಕೇಳಿದವರ ಮಾತನ್ನು ಹಾಗೆಯೇ ಉಳಿಸಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ.

## ಮೊದಲ ಮಾತು

"ಡಾಕ್ಟ್ರೇ, ಒಂದೇ ಮಾತಲ್ಲಿ ಹೇಳಿ. ಪಿಟ್‌ಬುಲ್ ಅಪಾಯವೋ ಅಲ್ಲವೋ?"

ಒಂದೇ ಮಾತಿನಲ್ಲಿ ಆಗುವುದಿಲ್ಲ, ಎರಡು ಮಾತು ಬೇಕು. ಈ ನಾಯಿ ಕಚ್ಚುತ್ತದೆಯೇ ಎಂಬುದು ಒಂದು ಪ್ರಶ್ನೆ. ಕಚ್ಚಿದರೆ ಏನಾಗುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ತಳಿಯ ಹೆಸರು ಕೊಡುವ ಉತ್ತರ ತೀರಾ ಸ್ವಲ್ಪ, ಎರಡನೆಯದಕ್ಕೆ ಬಹಳ.

ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಗಾಯದ ಗುರುತಿದೆ. ಅದು ಒಂದು ಪಾಮೇರಿಯನ್ ಕಚ್ಚಿದ್ದು. ಎರಡು ಹೊಲಿಗೆ ಬಿತ್ತು, ವಾರದಲ್ಲಿ ಕೆಲಸಕ್ಕೆ ಕೂತೆ. ಆ ಪಾಮೇರಿಯನ್ನಿನಷ್ಟು ಸಿಡುಕಿನ ರಾಟ್‌ವೀಲರನ್ನು ನಾನು ಇದುವರೆಗೆ ಮೇಜಿನ ಮೇಲೆ ಕಂಡಿಲ್ಲ. ಆದರೆ ಅದೇ ಜಾಗಕ್ಕೆ ನಲವತ್ತೈದು ಕಿಲೋದ ನಾಯಿ ಅದೇ ಸಿಟ್ಟಿನಲ್ಲಿ ಬಾಯಿ ಹಾಕಿದ್ದರೆ ನನ್ನ ಕೈ ಇವತ್ತು ಸೂಜಿ ಹಿಡಿಯುತ್ತಿರಲಿಲ್ಲ. ಈ ಎರಡು ಪ್ರಶ್ನೆಗಳನ್ನು ಕಲಸಿಬಿಡುವುದರಿಂದಲೇ ನಮ್ಮಲ್ಲಿ ಅರ್ಧ ಜಗಳ ಹುಟ್ಟುತ್ತದೆ.

"ಚಿಕ್ಕ ನಾಯಿಗಳೇ ಜಾಸ್ತಿ ಕಚ್ಚೋದು ಅಂತಾರಲ್ಲ, ನಿಜಾನಾ?"

ಸಿಡುಕು ಹೆಚ್ಚು ಎನ್ನುವುದು ನಿಜ. 2008ರಲ್ಲಿ ಡಫಿ ಮತ್ತು ಸಂಗಡಿಗರು ಸಾವಿರಾರು ಮಾಲೀಕರಿಗೆ ಪ್ರಶ್ನಾವಳಿ ಕೊಟ್ಟು ತಳಿಗಳನ್ನು ಹೋಲಿಸಿದಾಗ, ಮನುಷ್ಯರ ಮೇಲೆ ಆಕ್ರಮಣದ ಸ್ವಭಾವದಲ್ಲಿ ಡ್ಯಾಶ್‌ಹಂಡ್ ಮತ್ತು ಚಿವಾವಾ ಮೇಲಿನ ಸಾಲಿನಲ್ಲಿ ನಿಂತವು. ಚಿವಾವಾ ಕಚ್ಚಿದರೆ ಯಾರೂ ಪೊಲೀಸ್ ಠಾಣೆಗೆ ಹೋಗುವುದಿಲ್ಲ, ಹಾಗಾಗಿ ಅದು ಯಾವ ಲೆಕ್ಕಕ್ಕೂ ಸೇರುವುದಿಲ್ಲ.

"ಪಿಟ್‌ಬುಲ್ ಅಂದ್ರೆ ಸರಿಯಾಗಿ ಯಾವ ನಾಯಿ? ನಮ್ಮ ಪಕ್ಕದವರದ್ದು ಪಿಟ್‌ಬುಲ್ಲೇ ಅಂತ ಹೆಂಗೆ ಗೊತ್ತಾಗೋದು?"

ಇಂಗ್ಲೆಂಡಿನಲ್ಲಿ ಕಟ್ಟಿಹಾಕಿದ ಹೋರಿಯ ಮೇಲೆ ನಾಯಿ ಬಿಡುವ ಆಟವೊಂದಿತ್ತು. 1835ರಲ್ಲಿ ಕಾನೂನು ಅದನ್ನು ನಿಲ್ಲಿಸಿತು. ಆಮೇಲೆ ಜನ ಕದ್ದುಮುಚ್ಚಿ ನಾಯಿಗೆ ನಾಯಿಯನ್ನೇ ಕಾದಾಡಿಸತೊಡಗಿದರು. ಬುಲ್‌ಡಾಗ್ ಬಲಕ್ಕೆ ಟೆರಿಯರ್ ಚುರುಕನ್ನು ಬೆರೆಸಿ ತೆಗೆದ ಸಂಕರವೇ ಪಿಟ್‌ಬುಲ್‌ಗಳ ಮೂಲ. ಅಮೆರಿಕದ ಯುನೈಟೆಡ್ ಕೆನಲ್ ಕ್ಲಬ್ 1898ರಿಂದ ಅಮೆರಿಕನ್ ಪಿಟ್‌ಬುಲ್ ಟೆರಿಯರ್ ಎಂಬ ಹೆಸರಿನಲ್ಲಿ ಇವನ್ನು ದಾಖಲಿಸಿಕೊಂಡು ಬಂದಿದೆ. ಆದರೆ ಜನ ಪಿಟ್‌ಬುಲ್ ಎಂದಾಗ ಆ ಒಂದು ತಳಿಯ ಜೊತೆ ಸ್ಟಾಫರ್ಡ್‌ಶೈರ್, ಬುಲ್ಲಿ ಎಂಬ ಹತ್ತಿರದ ತಳಿಗಳು, ಅಗಲ ತಲೆಯ ಯಾವುದೋ ಮಿಶ್ರ ನಾಯಿ ಎಲ್ಲವೂ ಸೇರಿರುತ್ತವೆ.

ಕಣ್ಣಳತೆಯನ್ನು ನಂಬಬೇಡಿ. ಅಮೆರಿಕದ ಫ್ಲಾರಿಡಾದಲ್ಲಿ ನಾಲ್ಕು ನಾಯಿ ಆಶ್ರಯಗಳ 120 ನಾಯಿಗಳನ್ನು ಅಲ್ಲಿನ ಅನುಭವಿ ಸಿಬ್ಬಂದಿಗೇ ತೋರಿಸಿ, ಆಮೇಲೆ ಡಿಎನ್‌ಎ ಪರೀಕ್ಷೆ ಮಾಡಿದರು. ಒಬ್ಬರಾದರೂ ಪಿಟ್‌ಬುಲ್ ಎಂದು ಗುರುತಿಸಿದ ನಾಯಿಗಳು 62. ರಕ್ತದಲ್ಲಿ ಆ ವಂಶ ನಿಜಕ್ಕೂ ಇದ್ದದ್ದು 25ರಲ್ಲಿ. ದಿನವೂ ನಾಯಿಗಳ ನಡುವೆ ಇರುವವರ ಗತಿಯೇ ಇದಾದರೆ, ಮೊಬೈಲಿನ ವಿಡಿಯೋ ನೋಡಿ ತಳಿ ಹೇಳುವ ನಮ್ಮ ಮಾತಿಗೆ ಎಷ್ಟು ಬೆಲೆ?

"ಅದರ ದವಡೆಗೆ ಬೀಗ ಬೀಳುತ್ತಂತೆ, ಹೌದಾ?"

ಇಲ್ಲ. ಅದರ ದವಡೆಯ ಮೂಳೆ, ಕೀಲು ಎಲ್ಲ ನಾಯಿಗಳ ಹಾಗೆಯೇ ಇದೆ, ಬೀಗ ಎಂಬ ಅಂಗ ಇಲ್ಲ. ಕಚ್ಚಿದ್ದನ್ನು ಬಿಡದೆ ಹಿಡಿದುಕೊಳ್ಳುವ ಛಲ ಇರುವುದು ನಿಜ. ಹೋರಿಯ ಮೂಗು ಹಿಡಿದು ಜೋತುಬೀಳುವ ನಾಯಿಯನ್ನೇ ಆಯ್ದು ಸಾಕಿದ ವಂಶ ಅದು.

"ಬೊಗಳೋ ನಾಯಿ ಕಚ್ಚಲ್ಲ ಅಂತಾರಲ್ಲ ಡಾಕ್ಟ್ರೇ?"

ಈ ಗಾದೆಯನ್ನು ನಾಯಿಯ ಹತ್ತಿರ ಪರೀಕ್ಷಿಸಲು ಹೋಗಬೇಡಿ. ಬೊಗಳುವ ನಾಯಿ ಕಚ್ಚುತ್ತದೆ, ಬೊಗಳದ್ದೂ ಕಚ್ಚುತ್ತದೆ. ಆದರೆ ಕಚ್ಚುವ ಮೊದಲು ಹೆಚ್ಚಿನ ನಾಯಿಗಳು ಹೇಳಿಯೇ ಕಚ್ಚುತ್ತವೆ. ಮುಖ ತಿರುಗಿಸುವುದು, ತುಟಿ ನೆಕ್ಕುವುದು, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ, ಮೈಯೆಲ್ಲ ಮರದ ಕೊರಡಿನಂತೆ ಬಿಗಿಯುವುದು, ಆಮೇಲೆ ಗುರ್ ಎನ್ನುವುದು. ಗುರುಗುಟ್ಟಿದ ನಾಯಿಗೆ ಹೊಡೆಯುವ ಮನೆಗಳನ್ನು ನೋಡಿದಾಗ ನನಗೆ ಹೆದರಿಕೆಯಾಗುತ್ತದೆ. ಹೊಡೆತ ತಿಂದು ತಿಂದು ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ, ಒಳಗಿನ ಭಯ ಹಾಗೆಯೇ ಇರುತ್ತದೆ. ಮುಂದಿನ ಸಲ ಮುನ್ಸೂಚನೆಯೇ ಇಲ್ಲದೆ ಬಾಯಿ ಬೀಳುತ್ತದೆ. "ಏನೂ ಮಾಡದೆ ಸುಮ್ಮನೆ ಕಚ್ಚಿತು" ಎಂದು ನನ್ನ ಬಳಿ ಬಂದವರಲ್ಲಿ ಅನೇಕರ ಕತೆ ಕೆದಕಿದರೆ ಸಿಗುವುದು ಇದೇ.

## ರಕ್ತವೋ, ಸಾಕಿದ ರೀತಿಯೋ

"ರಕ್ತದಾಗ ಬಂದಿರ್ತದ್ರೀ ಅದು. ನಮ್ಮ ಮುಧೋಳ ನಾಯಿಗೆ ಓಡೂದು ಯಾರ್ ಕಲಿಸ್ಯಾರ?"

ಬಾಗಲಕೋಟೆ ಕಡೆಯ ಹಿರಿಯರೊಬ್ಬರು ಈಗ ಪುಣೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಸಿಕ್ಕಾಗಲೆಲ್ಲ ಅವರದು ಇದೇ ಪ್ರಶ್ನೆ, ಮತ್ತು ಅದು ಒಳ್ಳೆಯ ಪ್ರಶ್ನೆ. ನಾಯಿಪ್ರೇಮಿಗಳಲ್ಲಿ ಬಹಳ ಮಂದಿ ಇದಕ್ಕೆ ಉತ್ತರ ಕೊಡದೆ ಜಾರಿಕೊಳ್ಳುತ್ತಾರೆ.

ಮುಧೋಳ ನಾಯಿಯನ್ನು ಮೊಲದ ಬೆನ್ನಟ್ಟಲು ತಲೆತಲಾಂತರದಿಂದ ಆಯ್ದು ಬೆಳೆಸಿದರು, ಮುಧೋಳದ ಘೋರ್ಪಡೆ ಅರಸರು ಆ ವಂಶವನ್ನು ಜೋಪಾನ ಮಾಡಿದರು. ಬಿಲ್ಡಿಂಗಿನ ಐದನೇ ಮಹಡಿಯಲ್ಲಿ ಹುಟ್ಟಿ ಮೊಲವನ್ನೇ ನೋಡದ ಮರಿಯೂ ಬೆಕ್ಕು ಓಡಿದ ಕೂಡಲೇ ಬಾಣವಾಗುತ್ತದೆ. ಹಾಗಾದರೆ ಕಾಳಗಕ್ಕೆ ಆಯ್ದು ಬೆಳೆಸಿದ ವಂಶಕ್ಕೆ ಕಾಳಗದ ಗುಣ ಬರುವುದಿಲ್ಲವೇ? ಸ್ವಲ್ಪ ಬರುತ್ತದೆ. 2019ರಲ್ಲಿ ಮೆಕ್‌ಲೀನ್ ಮತ್ತು ಸಂಗಡಿಗರು ತಳಿಗಳ ಸರಾಸರಿ ನಡವಳಿಕೆಯನ್ನು ಅವುಗಳ ಜೀನುಗಳ ಜೊತೆ ಇಟ್ಟು ನೋಡಿದರು. ಬೆನ್ನಟ್ಟುವುದು, ಹೇಳಿದ್ದು ಕಲಿಯುವುದು, ಅಪರಿಚಿತರ ಮೇಲೆ ಎರಗುವುದು, ಈ ಗುಣಗಳಲ್ಲಿ ತಳಿ ತಳಿಗೆ ಇರುವ ವ್ಯತ್ಯಾಸದ ದೊಡ್ಡ ಪಾಲು ವಂಶದ್ದೇ ಎಂದು ಕಂಡುಬಂತು.

ಈಗ ಇನ್ನೊಂದು ಬದಿ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 18,385 ನಾಯಿಗಳ ಮಾಲೀಕರ ಉತ್ತರಗಳಿದ್ದವು, 2,155 ನಾಯಿಗಳ ಡಿಎನ್‌ಎ ಇತ್ತು. ಒಂದೊಂದು ನಾಯಿಯನ್ನೂ ಬಿಡಿಯಾಗಿ ನೋಡಿದಾಗ ನಡವಳಿಕೆಯ ವ್ಯತ್ಯಾಸದಲ್ಲಿ ತಳಿ ವಿವರಿಸಿದ್ದು ಸುಮಾರು ಶೇಕಡಾ 9ರಷ್ಟು. ಹೇಳಿದ ಮಾತು ಕೇಳುವ ಗುಣದಲ್ಲಿ ತಳಿಯ ಪ್ರಭಾವ ಸ್ವಲ್ಪ ಹೆಚ್ಚು ಕಂಡಿತು. ಎಷ್ಟು ಬೇಗ ಕೆರಳುತ್ತದೆ ಎಂಬುದರಲ್ಲಿ ತಳಿಯಿಂದ ಏನೂ ಹೇಳಲಾಗದಷ್ಟು ಕಡಿಮೆ.

ಎರಡೂ ಹೇಗೆ ನಿಜವಾಗುತ್ತವೆ? ಮಾರ್ಕೆಟ್ಟಿನಲ್ಲಿ ಹಾಪೂಸ್ ಮಾವು ಕೊಳ್ಳುವಾಗ ದೇವಗಡದ ಪೆಟ್ಟಿಗೆಗೆ ಹೆಚ್ಚು ದುಡ್ಡು ಕೊಡುತ್ತೀರಿ, ಸರಾಸರಿ ರುಚಿಯಲ್ಲಿ ಅದು ಮೇಲು ಅಂತ. ಆದರೆ ಕೈಯಲ್ಲಿರುವ ಆ ಒಂದು ಹಣ್ಣು ಹುಳಿಯೋ ಸಿಹಿಯೋ ಎಂದು ಪೆಟ್ಟಿಗೆಯ ಮೇಲಿನ ಹೆಸರು ಹೇಳದು, ಮೂಸಿ ನೋಡಬೇಕು. ಮೆಕ್‌ಲೀನ್ ಅಳೆದದ್ದು ಪೆಟ್ಟಿಗೆಯನ್ನು, 2022ರವರು ಅಳೆದದ್ದು ಹಣ್ಣನ್ನು. ಲಿಫ್ಟಿನಲ್ಲಿ ನಿಮ್ಮ ಪಕ್ಕ ನಿಲ್ಲುವುದು ಒಂದು ಹಣ್ಣು.

ಇನ್ನೊಂದು ಮಾತು ಆ ಹಿರಿಯರಿಗೂ ಹೇಳಿದ್ದೆ. ನಾಯಿಯ ಮೇಲೆ ಬೀಳುವ ಗುಣ ಬೇರೆ, ಮನುಷ್ಯನ ಮೇಲೆ ಬೀಳುವ ಗುಣ ಬೇರೆ. 2007ರಲ್ಲಿ ಅಮೆರಿಕದ ಫುಟ್‌ಬಾಲ್ ಆಟಗಾರ ಮೈಕಲ್ ವಿಕ್ ನಡೆಸುತ್ತಿದ್ದ ಕಾಳಗದ ಜಾಗದಿಂದ ಸುಮಾರು ಐವತ್ತು ಪಿಟ್‌ಬುಲ್‌ಗಳನ್ನು ವಶಪಡಿಸಿಕೊಂಡರು. ಎಲ್ಲವನ್ನೂ ಕೊಂದುಬಿಡಿ ಎಂಬ ಕೂಗಿತ್ತು. ಅದರ ಬದಲು ಒಂದೊಂದನ್ನೂ ಪರೀಕ್ಷಿಸಿದರು. ಹೆಚ್ಚಿನವು ಉಳಿದವು, ಹಲವು ಮನೆಗಳಲ್ಲಿ ಸಾಕುನಾಯಿಗಳಾದವು.

"ಅಮೆರಿಕದಲ್ಲಿ ಸತ್ತವರ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಈ ಎರಡು ತಳಿಗಳದ್ದೇ ಅಂತ ಓದಿದೆ. ಅದಕ್ಕೇನಂತೀರಿ?"

ನೀವು ಓದಿದ್ದು ಸರಿ. 1979ರಿಂದ 1998ರವರೆಗೆ ತಳಿಯ ಮಾಹಿತಿ ಸಿಕ್ಕ 238 ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಿಟ್‌ಬುಲ್ ಮಾದರಿಯ ಮತ್ತು ರಾಟ್‌ವೀಲರ್ ನಾಯಿಗಳಿಂದ ಆದವು. ಇದನ್ನು ಮುಚ್ಚಿಟ್ಟು ವಾದಿಸುವವರ ಜೊತೆ ನಾನಿಲ್ಲ. ಆದರೆ ಆ ಲೆಕ್ಕ ಬರೆದವರೇ, ದೇಶದಲ್ಲಿ ಯಾವ ತಳಿಯ ನಾಯಿ ಎಷ್ಟಿವೆ ಎಂದು ಗೊತ್ತಿಲ್ಲದೆ ತಳಿಯ ಅಪಾಯವನ್ನು ಅಳೆಯಲಾಗದು ಎಂದೂ ಬರೆದರು.

ನನಗೆ ಹೆಚ್ಚು ಕಲಿಸಿದ್ದು 2013ರ ಇನ್ನೊಂದು ಅಧ್ಯಯನ. 2000ದಿಂದ 2009ರವರೆಗಿನ 256 ಸಾವುಗಳನ್ನು ಪೊಲೀಸ್ ಅಧಿಕಾರಿಗಳ ಜೊತೆ ಮಾತಾಡಿ ಒಂದೊಂದಾಗಿ ಬಿಡಿಸಿ ನೋಡಿದರು. ಶೇಕಡಾ 87ರಲ್ಲಿ ಬಿಡಿಸಲು ಶಕ್ತಿಯಿರುವ ಯಾರೂ ಹತ್ತಿರ ಇರಲಿಲ್ಲ. ಶೇಕಡಾ 84ರಲ್ಲಿ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರಲಿಲ್ಲ. ಶೇಕಡಾ 76ರಲ್ಲಿ ನಾಯಿಯನ್ನು ಮನೆಯವರ ಒಡನಾಟವಿಲ್ಲದೆ ಹಿತ್ತಲಲ್ಲೋ ಸರಪಳಿಯಲ್ಲೋ ಇಟ್ಟಿದ್ದರು. ಐದರಲ್ಲಿ ನಾಲ್ಕು ಸಾವುಗಳಲ್ಲಿ ಇಂಥ ನಾಲ್ಕೋ ಹೆಚ್ಚೋ ಕಾರಣ ಒಟ್ಟಿಗೆ ಸೇರಿದ್ದವು. ಈ ಕಾರಣಗಳನ್ನು ನಾವು ನಾಳೆ ಬೆಳಗ್ಗೆಯೇ ಬದಲಿಸಬಹುದು, ಅದಕ್ಕೇ ಇವನ್ನು ಹೇಳುತ್ತಾ ಇರುತ್ತೇನೆ.

"ಎಲ್ಲಾದಕ್ಕೂ ಮಾಲೀಕರದ್ದೇ ತಪ್ಪು ಅಂತೀರಿ. ಲಖನೌನಲ್ಲಿ ಸಾಕಿದ ಅಜ್ಜಿಯನ್ನೇ ಕೊಂದಿತಲ್ಲ, ಅವರೇನು ತಪ್ಪು ಮಾಡಿದ್ರು?"

2022ರ ಜುಲೈನಲ್ಲಿ ಲಖನೌದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು, 82 ವರ್ಷದವರು, ಮನೆಯ ಪಿಟ್‌ಬುಲ್ ದಾಳಿಗೆ ತೀರಿಕೊಂಡರು. ಆ ತಾಯಿ ಏನೂ ತಪ್ಪು ಮಾಡಿರಲಿಲ್ಲ. ಸತ್ತವರ ಮೇಲೆ ಹೊಣೆ ಹೊರಿಸುವ ಮಾತು ನನ್ನ ಬಾಯಿಂದ ಬರದು.

ಈ ಪ್ರಶ್ನೆಯ ಮುಂದೆ "ಕೆಟ್ಟ ನಾಯಿ ಇಲ್ಲ, ಕೆಟ್ಟ ಮಾಲೀಕ ಮಾತ್ರ" ಎಂಬ ಮಾತು ನಿಲ್ಲುವುದಿಲ್ಲ. ಚೆನ್ನಾಗಿ ಸಾಕಿದ ನಾಯಿಯೂ ನೋವಿನಲ್ಲಿ, ಬೆದೆಯ ಕಾಲದಲ್ಲಿ, ನಮಗೆ ಕಾಣದ ಯಾವುದೋ ಕಾರಣಕ್ಕೆ ಒಮ್ಮೆ ತಿರುಗಿ ಬೀಳಬಹುದು. ಬೀಗಲ್ ತಿರುಗಿ ಬಿದ್ದರೆ ವಯಸ್ಸಾದವರೂ ತಳ್ಳಿ ಬದುಕಬಹುದು. ಬಲವಾದ ನಾಯಿ ಬಿದ್ದರೆ ಆಗದು. ಅಂದ ಮೇಲೆ ಬಲವಾದ ನಾಯಿ ಸಾಕುವವರಿಗೆ ತಪ್ಪಿಗೆ ಇರುವ ಜಾಗ ಕಡಿಮೆ. ಎಂಬತ್ತು ದಾಟಿದವರೊಬ್ಬರೇ ಇರುವ ಮನೆಯಲ್ಲಿ ಅಂಥ ನಾಯಿಯನ್ನು ಅವರ ಜೊತೆ ಬಿಟ್ಟು ಹೋಗಬೇಡಿ ಎಂದು ನನ್ನಲ್ಲಿಗೆ ಬರುವ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಸಿಟ್ಟಾದವರೂ ಇದ್ದಾರೆ.

## ಕಾನೂನು, ಸೊಸೈಟಿ, ಬೀದಿ

"ಕೇಂದ್ರ ಸರ್ಕಾರ 23 ತಳಿ ಬ್ಯಾನ್ ಮಾಡಿದೆ ತಾನೇ? ಈಗ ಸಾಕಿದ್ರೆ ಕೇಸ್ ಆಗುತ್ತಾ?"

2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನಾ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಪಿಟ್‌ಬುಲ್, ರಾಟ್‌ವೀಲರ್, ಕೇನ್ ಕೋರ್ಸೊ, ಡೋಗೊ ಅರ್ಜೆಂಟಿನೊ ಸೇರಿ 23 ಬಗೆಯ ನಾಯಿಗಳ ಆಮದು, ಸಂತಾನೋತ್ಪತ್ತಿ, ಮಾರಾಟ ನಿಲ್ಲಿಸಿ, ಈಗಾಗಲೇ ಮನೆಯಲ್ಲಿರುವವಕ್ಕೆ ಸಂತಾನಹರಣ ಮಾಡಿಸಿ ಎಂದು ರಾಜ್ಯಗಳಿಗೆ ತಿಳಿಸಿತು. ಆ ಪಟ್ಟಿಯಲ್ಲಿ ಟೋಸಾ ಇನು ಎಂದು ಒಮ್ಮೆ, ಜಪಾನೀ ಟೋಸಾ ಎಂದು ಇನ್ನೊಮ್ಮೆ ಬರೆದಿದ್ದರು. ಎರಡೂ ಒಂದೇ ನಾಯಿ. ನಾಯಿ ಬಲ್ಲ ಒಬ್ಬರಾದರೂ ಪಟ್ಟಿಯ ಮೇಲೆ ಕಣ್ಣಾಡಿಸಿದ್ದರೆ ಹೀಗಾಗುತ್ತಿರಲಿಲ್ಲ ಎಂದು ನನಗೆ ಬೇಸರವಾಯಿತು.

ನಮ್ಮ ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ಸುತ್ತೋಲೆಯನ್ನು ರದ್ದು ಮಾಡಿತು. ಸಂಬಂಧಪಟ್ಟವರ ಮಾತು ಕೇಳದೆ ಮಾಡಿದ್ದು ಸರಿಯಲ್ಲ, ಬೇಕಾದರೆ ಸರಿಯಾದ ಕ್ರಮದಲ್ಲಿ ಮತ್ತೆ ತನ್ನಿ ಎಂಬುದು ತೀರ್ಪಿನ ಸಾರ. ಆಮೇಲೆ ಕೇಂದ್ರ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಹಾಗಾಗಿ ಆ ಸುತ್ತೋಲೆಯನ್ನು ಮುಂದಿಟ್ಟುಕೊಂಡು ಯಾರಾದರೂ ಹೆದರಿಸಿದರೆ ತೀರ್ಪನ್ನು ತೋರಿಸಿ. ಜೊತೆಗೆ ಪಾಲಿಕೆಯ ಪರವಾನಗಿ ಮತ್ತು ರೇಬೀಸ್ ಲಸಿಕೆಯ ಕಾರ್ಡು ನಿಮ್ಮ ಕೈಯಲ್ಲಿರಲಿ.

"ನಾವ್ ವಾಸ್ಕೊದಾಗ ಇರ್ತೀವಿ. ಗೋವಾದ ಕಾಯ್ದೆ ಬ್ಯಾರೆ ಐತಂತಲ್ರಿ?"

2024ರ ಆಗಸ್ಟ್‌ನಲ್ಲಿ ಅಂಜುನಾದಲ್ಲಿ ಏಳು ವರ್ಷದ ಹುಡುಗ ಪಿಟ್‌ಬುಲ್ ದಾಳಿಯಲ್ಲಿ ತೀರಿಕೊಂಡ. ಆ ಸುದ್ದಿ ಗೋವಾವನ್ನು ಅಲುಗಾಡಿಸಿತು. 2025ರಲ್ಲಿ ಉಗ್ರ ತಳಿಗಳ ಸಾಕಣೆಯನ್ನು ನಿರ್ಬಂಧಿಸುವ, ಗಾಯಗೊಂಡವರಿಗೆ ಪರಿಹಾರ ಕೊಡಿಸುವ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ಪಿಟ್‌ಬುಲ್ ಮತ್ತು ರಾಟ್‌ವೀಲರ್ ಹೆಸರನ್ನು ಮುಖ್ಯಮಂತ್ರಿಗಳೇ ಎತ್ತಿ ಹೇಳಿದ್ದರು. ಆದ್ದರಿಂದ ಗೋವಾದಲ್ಲಿರುವವರು ಹೊಸ ಮರಿ ತರುವ ಮುಂಚೆ ನಿಮ್ಮ ಪಾಲಿಕೆ ಅಥವಾ ಪಂಚಾಯಿತಿಯಲ್ಲಿ, ಪಶುಸಂಗೋಪನಾ ಇಲಾಖೆಯಲ್ಲಿ ಕೇಳಿಯೇ ಹೆಜ್ಜೆಯಿಡಿ. ಪರಿಹಾರದ ಭಾಗ ನನಗೆ ಮನಸ್ಸಿನಿಂದ ಒಪ್ಪಿಗೆ. ಮಗು ಕಳೆದುಕೊಂಡ ಮನೆಯವರು ಆಸ್ಪತ್ರೆಯ ಬಿಲ್ಲನ್ನೂ ತಾವೇ ಕಟ್ಟುವುದು ಅನ್ಯಾಯ.

"ಬೇರೆ ದೇಶಗಳಲ್ಲಿ ಬ್ಯಾನ್ ಮಾಡಿ ಏನಾದ್ರೂ ಉಪಯೋಗ ಆಯ್ತಾ?"

ಬ್ರಿಟನ್ 1991ರಲ್ಲಿ ನಾಲ್ಕು ಬಗೆಗಳನ್ನು ನಿಷೇಧಿಸಿತು: ಪಿಟ್‌ಬುಲ್ ಟೆರಿಯರ್, ಜಪಾನೀ ಟೋಸಾ, ಡೋಗೊ ಅರ್ಜೆಂಟಿನೊ, ಫಿಲಾ ಬ್ರಸಿಲೇರೊ. ಮೂವತ್ತು ವರ್ಷಗಳ ನಂತರ ಅಲ್ಲಿ ಜನರನ್ನು ಕೊಲ್ಲುತ್ತಿದ್ದದ್ದು ಆ ಪಟ್ಟಿಯಲ್ಲೇ ಇಲ್ಲದ ಎಕ್ಸ್‌ಎಲ್ ಬುಲ್ಲಿ. 2024ರ ಫೆಬ್ರುವರಿಯಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಿನಾಯಿತಿ ಪತ್ರವಿಲ್ಲದೆ ಅದನ್ನು ಸಾಕುವುದೂ ಅಪರಾಧ. ನೆದರ್‌ಲ್ಯಾಂಡ್ಸ್ 1993ರಲ್ಲಿ ತಂದ ಪಿಟ್‌ಬುಲ್ ನಿಷೇಧವನ್ನು ಸುಮಾರು ಹದಿನೈದು ವರ್ಷ ನೋಡಿ ಕೈಬಿಟ್ಟಿತು. ಇಟಲಿಯೂ 2009ರಲ್ಲಿ ತಳಿಪಟ್ಟಿ ಬಿಟ್ಟು ಮಾಲೀಕನ ಹೊಣೆಗೆ ಬಂತು. ಅಮೆರಿಕದ ಡೆನ್ವರ್ ನಗರದ ಮತದಾರರು 2020ರಲ್ಲಿ ಮೂವತ್ತು ವರ್ಷದ ನಿಷೇಧದ ಬದಲು ಪರವಾನಗಿ ಪದ್ಧತಿಗೆ ಮತ ಹಾಕಿದರು.

ನನ್ನ ಅಭಿಪ್ರಾಯ ಕೇಳಿದರೆ, ಬಲವಾದ ದೊಡ್ಡ ನಾಯಿ ಯಾವುದೇ ಆಗಿರಲಿ, ಹೆಸರು ನೋಡದೆ ತೂಕ ಮತ್ತು ಹಿಂದಿನ ನಡವಳಿಕೆ ನೋಡಿ ಪರವಾನಗಿ, ಸಂತಾನಹರಣ, ತರಬೇತಿ ಕಡ್ಡಾಯ ಮಾಡಬೇಕು. ಮನೆಯ ಹಿಂದೆ ಕತ್ತಲಲ್ಲಿ ಮರಿ ಹಾಕಿಸಿ ಮಾರುವವರನ್ನು ಹಿಡಿಯಬೇಕು. ಈಗಿರುವ 2017ರ ನಿಯಮದಲ್ಲೇ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದಿದೆ. ಆದರೂ ಐದು ವಾರದ ಮರಿ ಎತ್ತಿಕೊಂಡು ನನ್ನಲ್ಲಿಗೆ ಬರುವವರು ತಿಂಗಳಿಗೆ ಮೂರ್ನಾಲ್ಕು ಮಂದಿ. ತಾಯಿ ಮತ್ತು ಒಡಹುಟ್ಟಿದವುಗಳ ಜೊತೆ ಆಡುವಾಗಲೇ ಮರಿ ಎಷ್ಟು ಮೆಲ್ಲಗೆ ಕಚ್ಚಬೇಕೆಂದು ಕಲಿಯುವುದು. ಆ ಪಾಠ ತಪ್ಪಿದ ರಾಟ್‌ವೀಲರ್ ಮರಿ ಮುಂದೆ ನಲವತ್ತೈದು ಕಿಲೋ ಆಗುತ್ತದೆ.

"ನಮ್ಮ ಸೊಸೈಟಿ ಮೀಟಿಂಗ್‌ನಲ್ಲಿ ಠರಾವು ಪಾಸ್ ಮಾಡಿ ಆ ನಾಯಿ ಹೊರಗೆ ಹಾಕಬಹುದಾ?"

ಆಗದು. ಬಹುಮತವಿದ್ದರೂ ಸೊಸೈಟಿ ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ, ದೊಡ್ಡ ನಾಯಿ ಬೇಡ ಚಿಕ್ಕದು ಇರಲಿ ಎಂದೂ ಭೇದ ಮಾಡುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ನಾಯಿಗೆ ಕೊರಳ ಪಟ್ಟಿ ಹಾಕದೆ ಹೊರಗೆ ಬಿಟ್ಟರೆ, ಅದು ಎರಗಿದರೆ ದೂರು ಕೊಡಬಹುದು. ಮುಲುಂಡಿನ ಒಂದು ಸೊಸೈಟಿಯಲ್ಲಿ ಜಗಳ ವಿಕೋಪಕ್ಕೆ ಹೋದಾಗ ನಾನು ಸೂಚಿಸಿದ್ದು ಇಷ್ಟೇ: ಶಾಲೆಯ ಬಸ್ಸು ಬರುವ ಹೊತ್ತಿನಲ್ಲಿ ದೊಡ್ಡ ನಾಯಿಗಳನ್ನು ಕೆಳಗಿಳಿಸಬಾರದು, ಲಿಫ್ಟಿನಲ್ಲಿ ಮಕ್ಕಳಿದ್ದರೆ ನಾಯಿಯವರು ಮುಂದಿನದಕ್ಕೆ ಕಾಯಬೇಕು. ಎರಡೂ ಕಡೆಯವರು ಒಪ್ಪಿದರು.

"ಬೇಕೂಂತಲೇ ನಾಯಿ ಛೂ ಬಿಟ್ರೆ?"

2025ರ ಜುಲೈನಲ್ಲಿ ಮುಂಬೈಯ ಮಾನ್‌ಖುರ್ದ್‌ನಲ್ಲಿ ನಿಂತಿದ್ದ ರಿಕ್ಷಾದೊಳಗೆ ಹನ್ನೊಂದು ವರ್ಷದ ಹುಡುಗನ ಮೇಲೆ ಒಬ್ಬಾತ ತನ್ನ ಪಿಟ್‌ಬುಲ್ ಬಿಟ್ಟು ನಗುತ್ತಾ ಕೂತಿದ್ದ. ವಿಡಿಯೋ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪೊಲೀಸರು ಭಾರತೀಯ ನ್ಯಾಯ ಸಂಹಿತೆಯಡಿ ಪ್ರಕರಣ ದಾಖಲಿಸಿದರು. ಅದರ 291ನೇ ಕಲಮಿನ ಪ್ರಕಾರ ಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿದರೆ ಆರು ತಿಂಗಳವರೆಗೆ ಸಜೆ ಅಥವಾ ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಮಗುವಿನ ಜೀವಕ್ಕೆ ಸಂಚಕಾರ ತಂದವನಿಗೆ ಈ ಶಿಕ್ಷೆ ಸಾಲದು. ತಳಿಯ ಪಟ್ಟಿಗಿಂತ ಮೊದಲು ತಿದ್ದಬೇಕಾದದ್ದು ಈ ಕಲಮು.

"ಬೀದಿನಾಯಿಗಳೇ ಜಾಸ್ತಿ ಕಚ್ಚೋದು. ಅದರ ಬಗ್ಗೆ ಯಾಕೆ ಮಾತಿಲ್ಲ?"

ಅದು ಬೇರೆಯೇ ವಿಷಯ, ತಳಿಯ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಮುಂಬೈಯಲ್ಲಿ ಈ ಜಗಳಕ್ಕೆ ಇನ್ನೂರು ವರ್ಷದ ಹತ್ತಿರ ವಯಸ್ಸಾಗಿದೆ. 1832ರ ಜೂನ್‌ನಲ್ಲಿ ಬ್ರಿಟಿಷರು ಬೀದಿನಾಯಿಗಳನ್ನು ಕೊಲ್ಲಿಸತೊಡಗಿದಾಗ ಕೋಟೆ ಪ್ರದೇಶದಲ್ಲಿ ಪಾರ್ಸಿಗಳು ಬೀದಿಗಿಳಿದು ಅಂಗಡಿ ಮುಚ್ಚಿಸಿದ್ದರು. ಒಂದು ಸಮಾಧಾನದ ಸುದ್ದಿ ಮಾತ್ರ ಹೇಳುತ್ತೇನೆ. ಗೋವಾದಲ್ಲಿ ಬೀದಿನಾಯಿಗಳಿಗೆ ಊರೂರು ಸುತ್ತಿ ಲಸಿಕೆ ಹಾಕಿದ ಮೇಲೆ ರೇಬೀಸ್ ಸಾವು ನಿಂತು, 2021ರಲ್ಲಿ ಅದು ರೇಬೀಸ್ ನಿಯಂತ್ರಿತ ರಾಜ್ಯವಾಯಿತು.

## ಮನೆಯೊಳಗೆ

"ಮಗ ರಾಟ್‌ವೀಲರ್ರೇ ಬೇಕು ಅಂತ ಹಟ ಹಿಡಿದಿದಾನೆ. ನಮ್ಮದು ಒನ್ ಬಿಎಚ್‌ಕೆ. ತರ್ಲಾ ಅಕ್ಕಾ?"

ಬೇಡ. ನಾಯಿ ಕೆಟ್ಟದೆಂದಲ್ಲ. ಜರ್ಮನಿಯ ರಾಟ್‌ವೈಲ್ ಊರಿನ ಕಟುಕರ ದನ ಅಟ್ಟುತ್ತಾ, ಬಂಡಿ ಎಳೆಯುತ್ತಾ ಬೆಳೆದ ವಂಶ ಅದು. ನೀವಿಬ್ಬರೂ ಬೆಳಗ್ಗೆ 7.40ರ ಲೋಕಲ್ ಹಿಡಿದು ರಾತ್ರಿ ಒಂಬತ್ತಕ್ಕೆ ಬರುವವರು. ಹದಿಮೂರು ಗಂಟೆ ಬಾಲ್ಕನಿಯ ಜಾಲರಿಯ ಹಿಂದೆ ಕೂತ ನಾಯಿ ಏನಾಗಬೇಕು? ಮೇಲೆ ಹೇಳಿದ ಶೇಕಡಾ 76ರ ಲೆಕ್ಕ ನೆನಪಿಡಿ. ಮಗನಿಗೆ ನಾಯಿ ಬೇಕೇ ಬೇಕೆಂದರೆ ಲಸಿಕೆ, ಶಸ್ತ್ರಚಿಕಿತ್ಸೆ ಆದ, ಸ್ವಭಾವ ಗೊತ್ತಿರುವ ದೊಡ್ಡ ವಯಸ್ಸಿನ ದೇಸಿ ನಾಯಿಯನ್ನು ತನ್ನಿ.

"ಮೂರು ವರ್ಷದ ಪಿಟ್‌ಬುಲ್ ಇದೆ, ಬಂಗಾರದಂಥದ್ದು. ಈಗ ಮನೆಗೆ ಮಗು ಬಂದಿದೆ. ಏನ್ ಮಾಡ್ಲಿ?"

ಬಂಗಾರದಂಥದ್ದೇ ಇರಲಿ, ಮಗುವಿನ ಜೊತೆ ಅದನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ. ಸ್ನಾನದ ಮನೆಗೆ ಹೋಗುವುದಿದ್ದರೆ ಒಂದನ್ನು ಜೊತೆಗೆ ಕರೆದೊಯ್ಯಿರಿ. ಮಗು ಅಂಬೆಗಾಲಿಡುವ ಕಾಲ ಹೆಚ್ಚು ಕಷ್ಟದ್ದು, ನಾಯಿಯ ತಟ್ಟೆಗೆ ಕೈ ಹಾಕುತ್ತದೆ, ಮಲಗಿದ್ದಾಗ ಕಿವಿ ಎಳೆಯುತ್ತದೆ. ಬಾಗಿಲಿಗೆ ಅಡ್ಡಗೇಟು ಹಾಕಿಸಿ, ನಾಯಿಗೆ ಮಗು ತಲುಪದ ಒಂದು ಮೂಲೆ ಕೊಡಿ. ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯಂಥ ಮಜಲ್ ಸಿಗುತ್ತದೆ. ಅದರೊಳಗೆ ನಾಯಿ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡಿಯಬಹುದು. ಬಾಯಿ ಬಿಗಿದು ಕಟ್ಟುವ ಬಟ್ಟೆಯದನ್ನು ನಮ್ಮ ಸೆಕೆಯಲ್ಲಿ ಹಾಕಬೇಡಿ. ತಿಂಡಿ ಕೊಡುತ್ತಾ ಹದಿನೈದು ದಿನದಲ್ಲಿ ಅಭ್ಯಾಸ ಮಾಡಿಸಿ. ಮತ್ತು ಇದೇ ವಾರ ಸಂತಾನಹರಣಕ್ಕೆ ದಿನ ಗೊತ್ತುಮಾಡಿ.

"ಕಚ್ಚಿ ಹಿಡಿದುಕೊಂಡು ಬಿಡ್ತಾನೇ ಇಲ್ಲ ಅಂದ್ರೆ ಏನು ಮಾಡೋದು?"

ಗಾಯಾಳುವನ್ನು ಎಳೆಯಬೇಡಿ, ಮಾಂಸ ಹರಿಯುತ್ತದೆ. ನಾಯಿಗೆ ಹೊಡೆದರೆ ಹಿಡಿತ ಇನ್ನೂ ಬಿಗಿಯಾಗುತ್ತದೆ. ನಾಯಿಯ ಹಿಂದೆ ನಿಂತು ಕೊರಳ ಪಟ್ಟಿಯನ್ನು ಮೇಲೆತ್ತಿ ತಿರುಚಿ, ಉಸಿರಿಗಾಗಿ ಬಾಯಿ ಸಡಿಲವಾಗುವವರೆಗೆ ಬಿಡಬೇಡಿ. ಬಿಟ್ಟ ಕೂಡಲೇ ನಾಯಿಯನ್ನು ಒಂದು ಕೋಣೆಗೆ ತಳ್ಳಿ ಬಾಗಿಲು ಹಾಕಿ. ದಾಳಿಗೆ ಸಿಕ್ಕವರು ನೀವೇ ಆದರೆ ಚೀಲ, ಕೊಡೆ, ಚಪ್ಪಲಿ ಏನಿದೆಯೋ ಅದನ್ನು ಅದರ ಬಾಯಿಗೆ ಕೊಡಿ. ಬಿದ್ದರೆ ಮುದುಡಿಕೊಂಡು ಕುತ್ತಿಗೆ, ಮುಖ ಮುಚ್ಚಿಕೊಳ್ಳಿ.

ರಕ್ತ ಧಾರೆಯಾಗಿ ಚಿಮ್ಮುತ್ತಿದ್ದರೆ ಮೊದಲು ಬಟ್ಟೆಯಿಂದ ಒತ್ತಿಹಿಡಿದು ಆಸ್ಪತ್ರೆಗೆ ಓಡಿ. ಇಲ್ಲದಿದ್ದರೆ ಗಾಯವನ್ನು ಹರಿಯುವ ನಲ್ಲಿ ನೀರಿನ ಕೆಳಗೆ ಸೋಪು ಹಚ್ಚಿ ಗಡಿಯಾರ ನೋಡಿ ಹದಿನೈದು ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಚರ್ಮ ಹರಿದು ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದನ್ನೂ ಕೇಳಿ ಹಾಕಿಸಿಕೊಳ್ಳಿ. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. 28ನೆಯದನ್ನು ಬಹಳ ಜನ ಮರೆಯುತ್ತಾರೆ, ಮನೆಯ ಕ್ಯಾಲೆಂಡರಿನಲ್ಲಿ ಆ ದಿನಾಂಕಕ್ಕೆ ಅವತ್ತೇ ಸುತ್ತು ಹಾಕಿಡಿ.